ಓದಿ ಹೇಳುವವನು

ಬೆಳಿಗ್ಗೆ ಎರಡು ಸಲ ಗಡ್ಡ ಹೆರೆದುಕೊಂಡರೂ ಜಡೇಸ್ವಾಮಿಗೆ ಸಮಾಧಾನವಾಗಲಿಲ್ಲ. ಕನ್ನಡಿಯಲ್ಲಿದ್ದವನು ಕರೆಯದ ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. ಹೊರಟಿದ್ದು ಮದುವೆಗಲ್ಲ, ಊರಿನ ಸ್ಕೂಲಿಗೆ, ಸಿನಿಮಾ ಓದುವುದಕ್ಕೆ. ಸಿನಿಮಾ ನೋಡುವವರುಂಟು, ಓದುವವರುಂಟೆ ಎಂದು ಯಾರಾದರೂ ನಗಬಹುದು, ನಗಲಿ. ಬೆಟ್ಟದ ಕೆಳಗಿನ ಒಂದು ಸಂಸ್ಥೆಯ ಮೇಡಂ ನಿನ್ನೆ ಜೀಪಿನಲ್ಲಿ ಬಂದಿದ್ದರು. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ತಮ್ಮ ಹಾಸ್ಟೆಲಿನಲ್ಲಿಟ್ಟುಕೊಂಡು ಓದಿಸುತ್ತೇವೆ, ಅದಕ್ಕೆ ಮೊದಲು ತಾಯಿತಂದೆಯರಿಗೆ ಒಂದು ಸಿನಿಮಾ ತೋರಿಸುತ್ತೇವೆ ಎಂದರು. ಸಿನಿಮಾ ಇರಾನ್ ದೇಶದ್ದು. ಅಲ್ಲಿಯವರ ಮಾತು ಇಲ್ಲಿ ಯಾರಿಗೂ ತಿಳಿಯದು, ಆದರೆ ಪರದೆಯ ಕೆಳಗೆ ತಮಿಳಿನಲ್ಲಿ ಸಾಲು ಬರುತ್ತದೆ. ಅದನ್ನು ಕನ್ನಡದಲ್ಲಿ ಓದಿ ಹೇಳಲು ಒಬ್ಬರು ಬೇಕು. ಊರಿಗೆ ಊರೇ ಒಂದೇ ಹೆಸರು ಹೇಳಿತು.

ಹೇಳದೆ ಏನು? ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಈ ಕನ್ನಡದ ಊರುಗಳಿಗೆ ಕಚೇರಿಯ ಕಾಗದವೆಲ್ಲ ತಮಿಳಿನಲ್ಲೇ ಬರುವುದು. ಸಂತೆಯಲ್ಲಿ ಜಗಳವಾಡುವಷ್ಟು ತಮಿಳು ಎಲ್ಲರ ಬಾಯಲ್ಲೂ ಇತ್ತು, ಅಕ್ಷರ ಮಾತ್ರ ಯಾರ ಕಣ್ಣಿಗೂ ಹತ್ತುತ್ತಿರಲಿಲ್ಲ. ಅಂಚೆಯ ಕೆಲಸ ನೋಡಿಕೊಳ್ಳುವ ಜಡೇಸ್ವಾಮಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಊರಿಗೆ ಬಂದ ಕಾಗದವನ್ನೆಲ್ಲ ಓದಿ ಹೇಳುತ್ತಿದ್ದ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಯಿಲ್ಲ. ಕೆಂಚಮ್ಮನ ಮಗ ತಿರುಪ್ಪೂರಿನಲ್ಲಿ ತೀರಿಕೊಂಡ ತಂತಿ ಬಂದಾಗಲೂ ಅಷ್ಟೆ. ಅವಳು ಸೊಪ್ಪಿನ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು, ಇವನು ಇದ್ದದ್ದನ್ನು ಇದ್ದ ಹಾಗೆ ಓದಿದ, ಅವಳು ಬುಟ್ಟಿಯ ಸಮೇತ ಕುಸಿದಳು. ಒಸಿ ಮರೆಸಿ ಹೇಳಬಾರದಿತ್ತಾ ಎಂದು ಜನ ಬೈದರು. ಇವನು ಕನ್ನಡಕ ಒರೆಸಿಕೊಂಡು, ಮರೆಸುವುದಕ್ಕೆ ಅದೇನು ನನ್ನಪ್ಪನ ಮನೆ ಕಾಗದವೇ ಎಂದಿದ್ದ. ಬೈದವರೇ ಆಮೇಲೆ, ಜಡೇಸ್ವಾಮಿ ಓದುದ್ರೆ ಪರ್ಮಾತ್ಮ ಓದ್ದಂಗೆ ಎಂದು ಅಕ್ಕಪಕ್ಕದ ಊರಿನಲ್ಲೆಲ್ಲ ಹೇಳಿಕೊಂಡು ಬಂದರು. ಆ ಮಾತು ಕಿವಿಗೆ ಬಿದ್ದ ದಿನ ಅವನಿಗೆ ಊಟ ರುಚಿಸಿತ್ತು. ಸಾವಿನ ತಂತಿಯಿಂದ ಬಂದ ಹೆಸರಲ್ಲವೇ ಇದು ಎಂದು ನಾಚಿಕೆಯೂ ಆಗಿತ್ತು, ನಿಜ. ಆದರೆ ಎರಡನೇ ಸಲ ಅನ್ನ ಬಡಿಸಿಕೊಂಡಿದ್ದಂತೂ ಸುಳ್ಳಲ್ಲ.

"ಅಪ್ಪ, ನಾನೂ ಬರ್ಲಾ?" ಎಂದು ಒಳಬಾಗಿಲಿನಿಂದ ಅರ್ಚನ ಕೇಳಿದಳು. ನಿನ್ನೆ ಮೇಡಂ ಮನೆಗೆ ಬಂದಾಗ ಅವಳನ್ನು ನೋಡಿಬಿಟ್ಟಿದ್ದರು. ಅಂಚೆಯ ಮುದ್ರೆ ಹಿಡಿದು ಒಳಕೋಣೆಯಲ್ಲಿ ಕೂತಿದ್ದ ಹುಡುಗಿಯನ್ನು, ಎಷ್ಟನೇ ಕ್ಲಾಸಮ್ಮ ಎಂದು ಕೇಳಿದಾಗ ಅವಳು ಉತ್ತರ ಹುಡುಕುತ್ತಾ ಅಪ್ಪನ ಮುಖ ನೋಡಿದ್ದಳು. ಹದಿನಾಲ್ಕು ವರ್ಷ. ಐದನೇ ಕ್ಲಾಸಿಗೆ ಬಿಡಿಸಿದ್ದು. ಮನೆಯಲ್ಲೇ ಓದಿಸುತ್ತೇನೆ ಎಂದು ಅವನು ಊರಿನ ಮುಂದೆ ಹೇಳಿಕೊಂಡಿದ್ದ, ಓದಿಸಿದ್ದ ಕೂಡ. ತಮಿಳನ್ನು ಅವನಷ್ಟೇ ಚೆನ್ನಾಗಿ ಓದುತ್ತಾಳೆ, ಊರಿಗೆ ಅದು ಗೊತ್ತಿಲ್ಲ. ಈರೋಡಿನ ಮುದ್ರೆ ಹೇಗಿರುತ್ತದೆ, ಗೋಬಿಯದು ಹೇಗೆ, ಮುಂಬಯಿಯಿಂದ ಬರುವ ಕಾಗದಕ್ಕೆ ಎಷ್ಟು ದಿನ ಹಿಡಿಯುತ್ತದೆ, ಎಲ್ಲ ಅವಳಿಗೆ ಗೊತ್ತು. ಹಾಸನೂರಿನಿಂದ ಆಚೆಗೆ ಮಾತ್ರ ಅವಳು ಆರು ವರ್ಷದಿಂದ ಕಾಲಿಟ್ಟಿಲ್ಲ. ಕಾಡುಗಳ್ಳರು ಪೊಲೀಸರು ಎಂದು ಕಾಡಿನ ಗಲಾಟೆ, ಕಾಲ ಸರಿಯಿಲ್ಲ, ವಯಸ್ಸಿಗೆ ಬರುವ ಹೆಣ್ಣು ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ, ಅವರೂ ಹೌದು ಹೌದು ಎನ್ನುತ್ತಿದ್ದರು. ಹೋದ ವರ್ಷ ಕಾಡಿನ ಗಲಾಟೆ ನಿಂತಿತು. ಊರಿಗೆ ಊರೇ ನಿಟ್ಟುಸಿರು ಬಿಟ್ಟ ದಿನ ಜಡೇಸ್ವಾಮಿ ಒಬ್ಬನಿಗೆ ನೆಪ ಹೋಯಿತಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಬಾ, ಅದ್ಕೇನಂತೆ" ಎಂದ. ಬೇಡ ಎನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಪಕ್ಕದ ಮನೆಯ ರಾಚಮ್ಮ ತನ್ನ ಮಗಳು ಸ್ಪಂದನಳ ಕೈ ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದಳು. "ನಾನಂತೂ ಇವಳ ಎಸ್ರು ಬರೆಸ್ಬುಡ್ತೀನಿ ಕಣಣ್ಣ, ನನ್ನಂಗೆ ಕುರಿ ಕಾಯೋದು ಬ್ಯಾಡ. ನೀ ಏನ್ ಮಾಡ್ತಿಯೆ?" ಎಂದಳು. ನೋಡೋಣ ಎಂದ. ಅರ್ಚನ ಆಗಲೇ ಅವ್ವನ ಹಳೆಯ ಚಪ್ಪಲಿ ಹುಡುಕಿ ತೆಗೆದಿದ್ದಳು. ಅವಳದೇ ಚಪ್ಪಲಿ ಎರಡು ವರ್ಷದ ಹಿಂದೆ ಚಿಕ್ಕದಾಗಿತ್ತು, ಮತ್ತೆ ಕೊಡಿಸುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಮನೆಯಲ್ಲಿರುವವಳಿಗೆ ಚಪ್ಪಲಿ ಯಾಕೆ? ದಾರಿಯುದ್ದಕ್ಕೂ ಆ ಚಪ್ಪಲಿಯ ಪಟಪಟ ಸದ್ದು ಅವನ ಹಿಂದೆಯೇ ಬಂತು. ಅವನ ಹೆಂಡತಿ ಶಾಂತಮಲ್ಲಮ್ಮ ಹಾಗೆ ನಡೆಯುತ್ತಿರಲಿಲ್ಲ, ಅವಳ ಹೆಜ್ಜೆ ಮೆತ್ತಗೆ. ಆರು ವರ್ಷದ ಹಿಂದೆ ಅವಳನ್ನು ಆಸ್ಪತ್ರೆಗೆ ಒಯ್ಯುವಾಗ ದಿಂಬದ ಘಾಟಿಯಲ್ಲಿ, ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ಲಾರಿ ಅಡ್ಡ ಸಿಕ್ಕಿಕೊಂಡಿತ್ತು. ಜೀಪಿನಲ್ಲಿ ಅವನ ತೊಡೆಯ ಮೇಲೆ ಅವಳ ತಲೆ, ಅವಳ ಕಾಲ ಹತ್ತಿರ ಎಂಟು ವರ್ಷದ ಅರ್ಚನ. ಜ್ವರ ಇಳಿಯಿತು ಅಪ್ಪ, ಅವ್ವನ ಕಾಲು ತಣ್ಣಗಾಯಿತು ಎಂದು ಖುಷಿಯಿಂದ ಹೇಳಿದವಳು ಆ ಹುಡುಗಿಯೇ.

ಶಾಲೆಯ ಕಿಟಕಿಗಳಿಗೆ ಕಂಬಳಿ ಬಡಿದು ಹಾಡಹಗಲಿಗೆ ಕತ್ತಲೆ ಮಾಡಿದ್ದರು. ಹೊರಗೆ ಜನರೇಟರು ಬಡಿದುಕೊಳ್ಳುತ್ತಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಹಿಂದೆ ಗೋಡೆಗೊರಗಿ ಕಾಡಂಚಿನ ಪೋಡಿನಿಂದ, ಸೋಲಿಗರ ಹಟ್ಟಿಯಿಂದ, ಬಂದ ದೊಡ್ಡಬೊಮ್ಮ, ಅವನ ಮೊಮ್ಮಗಳು ಕುಮಾರಿ. ಪರದೆಯ ಪಕ್ಕದಲ್ಲಿ ಸ್ಟೂಲು ಹಾಕಿ ಜಡೇಸ್ವಾಮಿಯನ್ನು ಕೂರಿಸಿದರು. ಮೇಡಂಗೆ ಕನ್ನಡ ಒಂದಕ್ಷರ ಬಾರದು, ಅವರು ಯಂತ್ರದ ಹತ್ತಿರ ಕೂತು ಶುರುಮಾಡಿ ಎಂದು ಕೈಸನ್ನೆ ಮಾಡಿದರು. ಮೊದಲು ಅವನ ಧ್ವನಿ ನಡುಗಿತು. ಇರಾನ್ ಎಲ್ಲದೆ ಎಂದು ಯಾರೋ ಕೇಳಿದರು, ದುಬಾಯಿ ತಾವು ಕಣ್ಲಾ, ಸುಮ್ಮನೆ ಕುಂತ್ಕ ಎಂದು ಇನ್ಯಾರೋ ಗದರಿದರು. ಪರದೆಯ ಮೇಲೆ ಬರಿ ಕಲ್ಲುಬೆಟ್ಟ, ಮಣ್ಣಿನ ಒಂದು ಮನೆ, ನೆಲದಡಿಯ ನೀರಿನ ಕಾಲುವೆಯನ್ನು ಕಾಯುವ ಒಬ್ಬ ಅಪ್ಪ, ತಾಯಿಯಿಲ್ಲದ ಇಬ್ಬರು ಮಕ್ಕಳು. ಬೆಟ್ಟದ ಆಚೆ ಏನಿದೆ ಎಂದು ಹುಡುಗಿ ಕೇಳುತ್ತಾಳೆ. ಏನೂ ಇಲ್ಲ, ಊರಿಲ್ಲ, ಜನರಿಲ್ಲ, ಬರಿ ಗಾಳಿ, ಆ ಗಾಳಿ ಕುಡಿದವರು ಬದುಕುವುದಿಲ್ಲ ಎನ್ನುತ್ತಾನೆ ಅಪ್ಪ. ಜಡೇಸ್ವಾಮಿ ಓದಿದ. ಓದುತ್ತಾ ಓದುತ್ತಾ ಧ್ವನಿ ಹದಕ್ಕೆ ಬಂತು, ಅಪ್ಪನಿಗೆ ಒಂದು ಗಂಟಲು, ಹುಡುಗಿಗೆ ಒಂದು ಗಂಟಲು ಮಾಡಿದ. ಹೆಂಗಸರು ಲೊಚಗುಟ್ಟಿದರು. ಸಭೆ ತನ್ನ ನಾಲಿಗೆಯ ತುದಿಯಲ್ಲಿ ಕೂತಿದೆ ಎಂದು ಅವನಿಗೆ ತಿಳಿಯಿತು, ಹಿತವೆನಿಸಿತು.

ಹಿತವೆನಿಸಿದ್ದು ಎಷ್ಟು ಹೊತ್ತು? ಅಪ್ಪನಿಗೆ ಕಾಯಿಲೆಯಾಗಿ, ಮದ್ದು ತರಲು ಮಕ್ಕಳಿಬ್ಬರೂ ಕತ್ತೆ ಹಿಡಿದುಕೊಂಡು ಬೆಟ್ಟ ಹತ್ತುವವರೆಗೆ. ಆಚೆ ಪಕ್ಕದಲ್ಲಿ ಪಟ್ಟಣ ಕಾಣಿಸಿತು. ಗಾಳಿ ಕುಡಿದು ಸಾಯುತ್ತೇವೆಂದು ಹುಡುಗ ಮೂಗು ಹಿಡಿದುಕೊಂಡು ನಿಂತ, ಮಂದಿ ಗೊಳ್ಳೆಂದು ನಕ್ಕರು, ಜಡೇಸ್ವಾಮಿಗೆ ನಗು ಬರಲಿಲ್ಲ. ಮಕ್ಕಳು ಅಂಗಡಿಯ ಗಾಜಿನಲ್ಲಿ ತಮ್ಮನ್ನೇ ಕಂಡು ಸಲಾಮು ಮಾಡಿದವು. ಬೈಸಿಕಲ್ಲಿನ ಗಂಟೆಗೆ ಹೆದರಿ ಗೋಡೆಗೆ ಅಂಟಿಕೊಂಡವು. ಒಂದು ಶಾಲೆಯ ಕಿಟಕಿಯ ಹೊರಗೆ ನಿಂತು ಹುಡುಗಿ, ಒಳಗಿನ ಮಕ್ಕಳು ಹೇಳುತ್ತಿದ್ದ ಪಾಠವನ್ನು ತಾನೂ ಹೇಳತೊಡಗಿದಳು, ಅರ್ಥ ತಿಳಿಯದೆ, ಕಣ್ಣು ಅಗಲಿಸಿಕೊಂಡು. ಪಾಠದ ಸಾಲು ಓದುವ ಮೊದಲು ಜಡೇಸ್ವಾಮಿ ಉಸಿರೆಳೆದುಕೊಳ್ಳಲು ತಿರುಗಿದ. ಪರದೆಯ ಬೆಳಕು ಹೆಂಗಸರ ಮುಖದ ಮೇಲೆ ಬಿದ್ದಿತ್ತು. ಎಲ್ಲರ ಕಣ್ಣೂ ಅವನ ಬಾಯಿಯನ್ನೇ ನೋಡುತ್ತಿದ್ದವು, ಅವನು ಹೇಳಲಿ ಎಂದು. ಒಬ್ಬಳ ತುಟಿ ಮಾತ್ರ ಆಗಲೇ ಅಲುಗಾಡುತ್ತಿತ್ತು. ಅರ್ಚನ ಪರದೆ ನೋಡಿಕೊಂಡು ತಾನೇ ಓದಿಕೊಳ್ಳುತ್ತಿದ್ದಳು, ಅವನಿಗಿಂತ ಒಂದು ಸಾಲು ಮುಂದೆ ಇದ್ದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಹೆಗಲಿನ ಟವೆಲಿಗೆ ಹೋಯಿತು, ಬೆವರಿಲ್ಲದ ಮುಖ ಒರೆಸಿಕೊಂಡ. ಇಷ್ಟು ದೂರದ ದೇಶದಲ್ಲಿ, ಇಷ್ಟು ಉದ್ದನೆಯ ಅಂಗಿ ಹಾಕಿಕೊಳ್ಳುವ ಜನಕ್ಕೆ ನನ್ನ ಮನೆಯ ಒಳಕೋಣೆ ಹೇಗೆ ಗೊತ್ತಾಯಿತು? ಈ ಮೇಡಂ ಬೇಕೆಂದೇ ತಂದಳೇ? ನಿನ್ನೆ ಮಗಳನ್ನು ನೋಡಿ, ರಾತ್ರಿಯೆಲ್ಲ ಯೋಚಿಸಿ, ಇವನ ಬಾಯಲ್ಲೇ ಇವನ ಕತೆ ಹೇಳಿಸುತ್ತೇನೆ ಎಂದುಕೊಂಡಳೇ? ಛೆ, ಎಂಥ ಹುಚ್ಚು. ಅವರು ಇದೇ ಸಿನಿಮಾವನ್ನು ತಾಳಮಲೆಯಲ್ಲೂ ತೋರಿಸಿ ಬಂದಿದ್ದರು. ಹಾಗಿದ್ದೂ ಪರದೆಯ ಅಪ್ಪ ಕೆಮ್ಮಿದಾಗ ಇವನ ಗಂಟಲು ಕೆರೆಯಿತು. ಮಕ್ಕಳು ಮದ್ದು ತಂದರು. ಅಪ್ಪ ಎದ್ದು ಕೂತ. ಹುಡುಗಿ ಅವನ ಮುಂದೆ ನಿಂತು, ಆಚೆ ಊರಿದೆ, ಜನರಿದ್ದಾರೆ, ನೀನು ಯಾಕೆ ಸುಳ್ಳು ಹೇಳಿದೆ ಎಂದಳು. ಅಷ್ಟನ್ನು ಜಡೇಸ್ವಾಮಿ ಇದ್ದ ಹಾಗೆ ಓದಿದ. ಪರದೆಯ ಅಪ್ಪ ತಲೆ ತಗ್ಗಿಸಿಕೊಂಡು ಮಾತಾಡಿದ, ಕೆಳಗೆ ಸಾಲು ಬಂತು: ಹೊರಗಿನ ಲೋಕಕ್ಕೆ ನಾನು ಹೆದರಲಿಲ್ಲ. ನೀವು ಹೋದರೆ ಈ ಮನೆಯಲ್ಲಿ ನನ್ನ ಉಸಿರಿನ ಸದ್ದು ನನಗೇ ಕೇಳಿಸುತ್ತಿತ್ತು. ಅದಕ್ಕೆ ಹೆದರಿ ನಿಮ್ಮನ್ನು ಕಟ್ಟಿಹಾಕಿದೆ.

ಜಡೇಸ್ವಾಮಿ ಸಾಲನ್ನು ನೋಡಿದ, ಸಾಲು ಅವನನ್ನು ನೋಡಿತು. ಸಂಜೆ ಟಪಾಲು ಚೀಲ ಕಳಿಸಿ ಬಂದು ಬಾಗಿಲು ತಳ್ಳಿದಾಗ ಒಳಗೆ ದೀಪವಿರಬೇಕು, ಪಾತ್ರೆಯ ಸದ್ದಿರಬೇಕು, ಅಪ್ಪ ಬಂದ್ಯಾ ಎನ್ನುವವರಿರಬೇಕು. ಇಷ್ಟೇ, ಅವನಿಗೆ ಬೇಕಾಗಿದ್ದುದು ಇಷ್ಟೇ. ಇದನ್ನು ಅವನು ತನಗೆ ತಾನೂ ಎಂದೂ ಹೇಳಿಕೊಂಡಿರಲಿಲ್ಲ. ಈಗ ಇಡೀ ಊರಿನ ಮುಂದೆ, ತನ್ನದೇ ಗಂಟಲಿನಲ್ಲಿ ಹೇಳಬೇಕು. "ಏನಂತೆ? ಏನಂದ?" ಎಂದು ಹೆಂಗಸರ ಸಾಲಿನಿಂದ ಅಜ್ಜಿ ಶಿವಮಲ್ಲಮ್ಮ ಕೇಳಿದಳು. "ಅಪ್ಪ ಅಂತಾನೆ" ಎಂದ ಜಡೇಸ್ವಾಮಿ, ಧ್ವನಿ ಬೇರೆ ಯಾರದೋ ಆಗಿತ್ತು, "ಆಚೆ ಲೋಕ ಕೆಟ್ಟದ್ದು ಕಣ ಮೊಗ. ಅದು ನಿಮ್ಮನ್ನ ನುಂಗ್ಬುಡ್ತದೆ ಅಂತ, ನಿಮ್ಮೊಳ್ಳೇದ್ಕೇ ಅಂತ ಸುಳ್ಳೇಳ್ದೆ. ಎತ್ತ ಕರುಳು ಕಣ." ಶಿವಮಲ್ಲಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆ ಅಳುವಿನ ಸದ್ದಿಗೆ ಅವನು ಸೋತ. ಮುಂದಿನ ಸಾಲು, ನಾಳೆ ನಾವು ಮತ್ತೆ ಹೋಗುತ್ತೇವೆ, ನೀನೂ ನಮ್ಮ ಜೊತೆ ಬಾ ಎಂದಿತ್ತು. "ತಪ್ಪಾಯ್ತು ಅಪ್ಪ, ಇನ್ನೆಲ್ಲೂ ಓಗದಿಲ್ಲ" ಎಂದು ಓದಿದ.

ಆದರೆ ಪರದೆ ಇವನ ಮಾತು ಕೇಳುತ್ತದೆಯೇ? ಮರುಕ್ಷಣಕ್ಕೆ ಬೆಳಗಾಯಿತು, ಮಕ್ಕಳಿಬ್ಬರೂ ಕೈ ಕೈ ಹಿಡಿದುಕೊಂಡು ಬೆಟ್ಟ ಹತ್ತಿದವು, ಹಿಂದೆ ದೂರದಲ್ಲಿ ಅಪ್ಪ ಕೋಲೂರಿಕೊಂಡು ಬರುತ್ತಿದ್ದ. "ಓಗದಿಲ್ಲ ಅಂದು ಓಯ್ತಾವಲ್ಲ?" ಎಂದು ಗಂಡಸರ ಕಡೆಯಿಂದ ಒಬ್ಬ ಕೇಳಿದ. "ಅದು ಕನ್ಸು" ಎಂದ ಜಡೇಸ್ವಾಮಿ, "ಅಪ್ಪನ್ಗೆ ಬಿದ್ದ ಕನ್ಸು." ಓ, ಕನ್ಸು, ಎಂದು ಸಭೆ ತಲೆದೂಗಿತು. ಪಾಪದ ಜನ, ಅವನು ಹೇಳಿದ್ದನ್ನು ನಂಬುವುದು ಅವರಿಗೆ ಇಪ್ಪತ್ತು ವರ್ಷದ ರೂಢಿ. ಅವನು ಮಗಳ ಕಡೆ ನೋಡಬಾರದೆಂದುಕೊಂಡ, ನೋಡಿದ. ಅವಳ ತುಟಿ ನಿಂತಿತ್ತು. ಅವಳು ಈಗ ಪರದೆ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ದಾರಿಯಲ್ಲಿ ಬಿದ್ದ ಹಿರಿಯರನ್ನು ನೋಡುವ ಹಾಗೆ, ಎತ್ತಬೇಕೋ ನೋಡದ ಹಾಗೆ ಹೋಗಬೇಕೋ ತಿಳಿಯದೆ ನೋಡುತ್ತಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎಂಬ ಮಾತನ್ನು ಅವನು ಎಷ್ಟೋ ಸಲ ಕೇಳಿದ್ದ. ಅದು ಮೈಗೆ ಹೇಗೆ ಆಗುತ್ತದೆ ಎಂದು ಆ ಸ್ಟೂಲಿನ ಮೇಲೆ ತಿಳಿಯಿತು.

ಕಂಬಳಿ ಸರಿಸಿದರು, ಬಿಸಿಲು ಒಳಗೆ ನುಗ್ಗಿತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾ ಎದ್ದರು. "ಎತ್ತಪ್ಪ ಅಂದ್ರೆ ಅಂಗಿರ್ಬೇಕು ಕಣವ್ವ" ಎಂದಳು ಶಿವಮಲ್ಲಮ್ಮ. ಮೇಡಂ ಬಾಗಿಲ ಹತ್ತಿರ ಮೇಜಿಟ್ಟುಕೊಂಡು, ಪಟ್ಟಿ ತೆರೆದು, ಹೆಸರು ಬರೆಸುವವರು ಬನ್ನಿ ಎಂದು ತಮಿಳಿನಲ್ಲಿ ಕರೆದರು. ಯಾರೂ ಬರಲಿಲ್ಲ. ರಾಚಮ್ಮ ಸ್ಪಂದನಳ ಕೈ ಹಿಡಿದುಕೊಂಡು ಮೇಜನ್ನು ದಾಟಿ ಹೋದಳು. "ಯಾಕಮ್ಮ, ಒಳಗೆ ಬರುವಾಗ ಬರೆಸ್ತೀನಿ ಅಂದಿದ್ದೆಯಲ್ಲ?" ಎಂದು ಮೇಡಂ ಕೇಳಿದ್ದಕ್ಕೆ ಅವಳು ತಮಿಳಿನಲ್ಲೇ, ನೀವೇ ತೋರಿಸಿದ ಸಿನಿಮಾದಲ್ಲಿ ಹೇಳಿದರಲ್ಲ, ಆಚೆ ಹೋದರೆ ಮಕ್ಕಳು ಕೆಡುತ್ತವೆ ಅಂತ, ಎಂದಳು. ಮೇಡಂ ಬೆಪ್ಪಾಗಿ ಪಟ್ಟಿ ನೋಡಿದರು, ಆಮೇಲೆ ಜಡೇಸ್ವಾಮಿಯನ್ನು ನೋಡಿದರು. ಅನುಮಾನದಿಂದಲ್ಲ; ಸಿನಿಮಾ ಈ ಜನಕ್ಕೆ ಹಿಡಿಸಲಿಲ್ಲವೇ ಸಾರ್ ಎಂದು ವಿಚಾರಿಸಿದರು. ಸಾರ್ ಎಂದರು ಬೇರೆ. ಸ್ಪಂದನ ತಿರುತಿರುಗಿ ಜೀಪನ್ನು ನೋಡುತ್ತಾ ಹೋಗುತ್ತಿದ್ದಳು. ಆ ಹುಡುಗಿ ಅವನಿಗೆ ಏನು ಕೆಟ್ಟದ್ದು ಮಾಡಿತ್ತು? ತನ್ನ ಮನೆಯ ದೀಪ ಉಳಿಸಿಕೊಳ್ಳಲು ಹೋಗಿ ಪಕ್ಕದ ಮನೆಯದನ್ನು ಊದಿಬಿಟ್ಟೆನಲ್ಲ ಎಂದು ಅವನಿಗೆ ಅನ್ನಿಸಿತು. ಓಡಿಹೋಗಿ ರಾಚಮ್ಮನನ್ನು ನಿಲ್ಲಿಸಬೇಕು ಎಂದುಕೊಂಡ. ಹೋಗಲಿಲ್ಲ.

ಅಷ್ಟರಲ್ಲಿ ದೊಡ್ಡಬೊಮ್ಮ ಕುಮಾರಿಯನ್ನು ಮುಂದೆ ತಳ್ಳಿಕೊಂಡು ಬಂದು, ಮೇಜಿನ ಮುಂದೆ ನಿಂತು, ಎಲ್ಲಿ ಒತ್ತಬೇಕು ಎಂದು ಹೆಬ್ಬೆರಳು ಚಾಚಿದ. ಜಡೇಸ್ವಾಮಿಗೆ ಆಶ್ಚರ್ಯವಾಯಿತು. ಹತ್ತಿರ ಹೋಗಿ ಮೆಲ್ಲಗೆ, "ಬರೆಸ್ತಿಯಾ ಬೊಮ್ಮಣ್ಣ? ಪಿಚ್ಚರ್ ನೋಡಿಯೂ?" ಎಂದ. "ಆಂ?" ಎಂದ ದೊಡ್ಡಬೊಮ್ಮ ಕಿವಿಯ ಹಿಂದೆ ಕೈಯಿಟ್ಟು. ಅವನು ಮತ್ತೆ ಜೋರಾಗಿ ಕೇಳಬೇಕಾಯಿತು. "ನಂಗೆ ಕಿವಿ ಮಂದ ಕಣ ಸ್ವಾಮಿ, ನೀ ಅಲ್ಲಿ ಏನ್ ಒದರ್ತಿದ್ಯೋ ನಾ ಕಾಣೆ. ಪಿಚ್ಚರ್ ನಾ ನೋಡ್ದಿ. ಆ ಎಣ್ಣುಮೊಗ ಕೇಳ್ದಾಗ ಅವ್ರಪ್ಪ ತಲೆ ಬಗ್ಗಿಸ್ಬುಟ್ಟ. ಅವ್ನು ಮಾಡಿದ್ದು ತಪ್ಪು ಅಂತ ಅವ್ನ ಮೊಕಾನೇ ಏಳ್ತಿತ್ತಲ್ಲ, ಅದ್ಕೆ ಕಿವಿ ಯಾಕೆ ಬೇಕು?" ಎಂದು ಬಾಯಿ ತುಂಬ ನಕ್ಕು, "ಇವಳು ಅಟ್ಟೀಲಿದ್ರೆ ನನ್ ಗೆಣಸೆಲ್ಲ ಮುಗಿಸ್ಬುಡ್ತಾಳೆ, ಓಗ್ಲಿ" ಎಂದ. ಕುಮಾರಿ ತಾತನ ಸೊಂಟಕ್ಕೆ ಒಂದು ಗುದ್ದು ಕೊಟ್ಟಳು. ಅರ್ಚನಳನ್ನು ಬಿಟ್ಟರೆ ಊರಿನಲ್ಲಿ ಒಬ್ಬನೇ ಒಬ್ಬನಿಗೆ ಸಿನಿಮಾ ಸರಿಯಾಗಿ ಅರ್ಥವಾಗಿತ್ತು, ಅವನಿಗೆ ಇವನ ಮಾತು ಕೇಳಿಸಿರಲಿಲ್ಲ. ಇಪ್ಪತ್ತು ವರ್ಷದ ಹೆಸರು ಆ ಒಂದು ನಗುವಿನಲ್ಲಿ ಮಣ್ಣುಪಾಲಾಯಿತೆಂದು ಜಡೇಸ್ವಾಮಿಗೆ ಅನ್ನಿಸಿತು. ದೊಡ್ಡಬೊಮ್ಮನಿಗೇನೂ ಗೊತ್ತಿರಲಿಲ್ಲ, ಅವನು ಬೆರಳಿನ ಶಾಯಿಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದ.

ಈಗಲಾದರೂ ಒಂದು ಒಳ್ಳೆಯದು ಮಾಡಬೇಕು ಎಂದು ಅವನಿಗೆ ಇದ್ದಕ್ಕಿದ್ದಂತೆ ತೋರಿತು. ಮಾಡಿಬಿಟ್ಟರೆ ಮುಗಿಯುತ್ತದೆ, ಈ ಉರಿ ತಣ್ಣಗಾಗುತ್ತದೆ. ಅರ್ಚನ ಬಾಗಿಲ ಪಕ್ಕದಲ್ಲಿ ಅವ್ವನ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಅವಳ ತೋಳು ಹಿಡಿದು ಮೇಜಿನ ಹತ್ತಿರ ಕರೆತಂದು, "ನೀನೂ ಓಗು ಮೊಗ. ಎಸ್ರು ಬರೆಸು" ಎಂದ. ಹಾಗೆ ಹೇಳುವಾಗ ತನ್ನ ಧ್ವನಿಯಲ್ಲಿ ಉದಾರಿಯ ಠೀವಿ ಬಂದದ್ದು ಅವನಿಗೇ ಕೇಳಿಸಿತು, ಥೂ ಎನ್ನಿಸಿತು. ಅವಳು ಪಟ್ಟಿಯನ್ನು ನೋಡಿದಳು. ಆಮೇಲೆ, ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ನಾನೋಗದಿಲ್ಲ ಕಣಪ್ಪ" ಎಂದಳು. "ಯಾಕೆ?" "ಓದ್ದೆನಲ್ಲ ನಾನು. ಅವ್ರಪ್ಪ ಏನಂದ ಅಂತ. ನೀನು ಒಬ್ನೇ ಆಗ್ಬುಡ್ತಿಯಲ್ಲ." ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಅಡುಗೆಗೆ ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಇಷ್ಟು ವರ್ಷ ಹೆದರಿಸಿ ಇಟ್ಟುಕೊಂಡಿದ್ದ, ಇನ್ನು ಮೇಲೆ ಹೆದರಿಸಬೇಕಾಗಿಯೂ ಇಲ್ಲ, ಅವಳೇ ಕರುಣೆಯಿಂದ ಇದ್ದುಬಿಡುತ್ತಾಳೆ. ಬೇಡಿದ್ದು ಕೈಗೆ ಬಂತು. ಅದನ್ನು ಹಿಡಿದುಕೊಳ್ಳಲು ಅವನಿಗೆ ಮುಖವಿರಲಿಲ್ಲ. ಹಾಗಿದ್ದೂ ಒಂದು ಗಳಿಗೆ, ಒಂದೇ ಒಂದು ಗಳಿಗೆ, ಸಂಜೆಯ ದೀಪ ಕಣ್ಣ ಮುಂದೆ ಬಂದು ಮನಸ್ಸು ಹಿಗ್ಗಿತು. ಆ ಹಿಗ್ಗಿಗೆ ಅವನು ಸಾಯುವವರೆಗೆ ನಾಚಬೇಕಾಗಿತ್ತು.

"ಎನ್ನ ಸೊಲ್ರಾ?" ಎಂದರು ಮೇಡಂ. ಏನಂತಾಳೆ ಹುಡುಗಿ ಎಂದು ಅವನನ್ನೇ ಕೇಳಿದರು. ಬೆಳಿಗ್ಗೆಯಿಂದ ಎಲ್ಲ ಮಾತೂ ಅವನ ಮೂಲಕವೇ ಅಲ್ಲವೇ. ಅವನು ಯೋಚಿಸಲಿಲ್ಲ. ಯೋಚಿಸುವ ಮೊದಲೇ ನಾಲಿಗೆ ಹೊರಳಿತು. "ವರೇನ್ನು ಸೊಲ್ರಾ" ಎಂದ. ಬರುತ್ತೇನೆ ಅಂತಾಳೆ, ಬರೆದುಕೊಳ್ಳಿ. ಮೇಡಂ ಮುಖ ಅರಳಿತು, ಪಟ್ಟಿಯಲ್ಲಿ ಪೆನ್ನಿಟ್ಟರು. ಇದು ಒಳ್ಳೆಯ ಸುಳ್ಳು, ಇದು ಅವಳಿಗಾಗಿ ಹೇಳಿದ ಸುಳ್ಳು, ಇದು ಲೆಕ್ಕಕ್ಕಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಒಂದು ಧ್ವನಿ ಎದ್ದಿತು. ತಮಿಳಿನಲ್ಲಿ. ಸ್ಪಷ್ಟವಾದ, ಕಾಗದದ ಮೇಲಿಂದ ಕಲಿತ, ಸಂತೆಯ ಮಣ್ಣು ಹತ್ತದ ತಮಿಳು. "ನಾನು ಹಾಗೆ ಹೇಳಲಿಲ್ಲ" ಎಂದಳು ಅರ್ಚನ. "ನಾನು ಬರುವುದಿಲ್ಲ ಎಂದು ಹೇಳಿದೆ. ಅಪ್ಪ ಬೇರೆ ಹೇಳಿದರು."

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಓದಲು ಬಾರದಿದ್ದರೇನು, ಕೇಳಿದರೆ ತಿಳಿಯದ ಕಿವಿ ಅಲ್ಲಿ ಒಂದೂ ಇರಲಿಲ್ಲ, ದೊಡ್ಡಬೊಮ್ಮನದೊಂದು ಬಿಟ್ಟು. ಜಡೇಸ್ವಾಮಿ ಅವಳ ತೋಳು ಬಿಟ್ಟ. "ಸಿನಿಮಾದಲ್ಲೂ ಬೇರೆ ಹೇಳಿದರು" ಎಂದಳು. ಹೆಂಗಸರ ಕಡೆ ತಿರುಗಿ, ಮನೆಯ ಮಾತಿಗೆ ಇಳಿದು, "ಅಜ್ಜಿ, ಅವ್ರಪ್ಪ ಲೋಕ ಕೆಟ್ಟದ್ದು ಅನ್ನಲೇ ಇಲ್ಲ. ನೀವೋದ್ರೆ ನಾ ಒಬ್ನೇ ಆಗ್ಬುಡ್ತೀನಿ, ಅದ್ಕೆ ಎದ್ರಿ ಕಟ್ಟಾಕ್ದೆ ಅಂದ. ಕೊನೇಲಿ ಬಂದಿದ್ದು ಕನ್ಸಲ್ಲ. ದಿಟವಾಗ್ಲೂ ಒಂಟೋದ್ರು. ಅವ್ನೂ ಇಂದ್ಗಡೆ ನಡ್ದ" ಎಂದಳು. ಶಿವಮಲ್ಲಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಗೇಟಿನವರೆಗೆ ಹೋಗಿದ್ದ ರಾಚಮ್ಮ ನಿಂತು, ಜಡೇಸ್ವಾಮಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಹಳ್ಳದ ನೀರು ಕುಡಿಯಬಹುದೋ ಇಲ್ಲವೋ ಎಂದು ನೋಡುವ ಹಾಗೆ ನೋಡಿದಳು, ಅಷ್ಟೆ.

"ಹಾಗಾದರೆ ಹೆಸರು ಹೊಡೆದುಹಾಕಲೇನಮ್ಮ?" ಎಂದರು ಮೇಡಂ, ಈ ಸಲ ನೇರವಾಗಿ ಅವಳನ್ನೇ ಕೇಳಿದರು. ಅರ್ಚನ ಅಪ್ಪನನ್ನು ನೋಡಿದಳು. ಅವನು ಏನಾದರೂ ಹೇಳಲಿ ಎಂದೋ, ಹೇಳದಿರಲಿ ಎಂದೋ. ಅವನು ಬಾಯಿ ತೆರೆದ, ಮುಚ್ಚಿದ. ಇಷ್ಟು ವರ್ಷದಲ್ಲಿ ಅವಳನ್ನು ಯಾರಾದರೂ ಏನಾದರೂ ಕೇಳಿದಾಗ ತಾನು ಉತ್ತರ ಹೇಳದೆ ನಿಂತದ್ದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. "ಬೇಡ" ಎಂದಳು ಅವಳು ತಮಿಳಿನಲ್ಲಿ, "ಹೊಡೆದುಹಾಕಬೇಡಿ. ಇಲ್ಲಿದ್ದರೆ ನನ್ನ ಮಾತನ್ನೂ ಅಪ್ಪನೇ ಆಡಿಬಿಡುತ್ತಾರೆ. ನಾನು ಬರುತ್ತೇನೆ."

ಮೇಡಂ ಒಂದು ಫಾರಂ ತೆಗೆದು, ಅರ್ಚನಳನ್ನು ಕೇಳಿ ತುಂಬಿ, ಅವನ ಕಡೆ ಚಾಚಿದರು, ತಂದೆಯ ರುಜು ಬೇಕು. ಜಡೇಸ್ವಾಮಿ ಅದನ್ನು ಕಣ್ಣಿನ ಹತ್ತಿರ ಹಿಡಿದ. ಕನ್ನಡಕ ಮೂಗಿನ ಮೇಲೆಯೇ ಇತ್ತು, ಬಿಸಿಲು ಬೇಕಾದಷ್ಟಿತ್ತು, ಅಕ್ಷರಗಳು ಮಾತ್ರ ಒಂದರ ಮೇಲೊಂದು ಹತ್ತಿ ಕುಣಿದವು. ಒರೆಸಿಕೊಂಡು ನೋಡಿದ, ಮತ್ತೆ ಕುಣಿದವು. ಸುತ್ತ ಊರು ನಿಂತಿತ್ತು. ಕೊನೆಗೆ ಫಾರಮನ್ನು ಮಗಳಿಗೆ ಕೊಟ್ಟು, "ಕಾಣ್ತಿಲ್ಲ. ನೀನೇ ಓದು" ಎಂದ. ಅವಳು ಓದಿದಳು. ಮೊದಲು ತಮಿಳಿನ ಸಾಲು, ಆಮೇಲೆ ಅದರ ಕನ್ನಡ, ಅವನು ಮುಂದಿನ ಕೋಣೆಯಲ್ಲಿ ಕೂತು ಓದುತ್ತಿದ್ದ ಕ್ರಮದಲ್ಲೇ, ಅವನು ಉಸಿರು ತೆಗೆದುಕೊಳ್ಳುವ ಕಡೆಯೇ ಉಸಿರು ತೆಗೆದುಕೊಳ್ಳುತ್ತಾ. ಮಗಳ ಹೆಸರು, ಅಪ್ಪನ ಹೆಸರು, ಅವ್ವ ಇಲ್ಲ ಎಂಬುದು, ಐದನೇ ಕ್ಲಾಸಿಗೆ ಬಿಟ್ಟದ್ದು, ಬಿಡಲು ಕಾರಣ ಎಂಬಲ್ಲಿ ಖಾಲಿ ಜಾಗ. ಖಾಲಿ ಜಾಗ ಎಂದೂ ಓದಿದಳು. ಅವನು ಕೈಕಟ್ಟಿ ನಿಂತು ಕೇಳಿದ.

"ಎಲ್ಲಾನೂ ಓದ್ದಾ ಮೊಗ?" ಎಂದು ಶಿವಮಲ್ಲಮ್ಮ ಹತ್ತಿರ ಬಂದು ಕೇಳಿದಳು. ಕುಹಕಕ್ಕೆ ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. "ಏನೂ ಬುಟ್ಟಿಲ್ವಾ?"

"ಏನೂ ಬುಟ್ಟಿಲ್ಲ ಅಜ್ಜಿ" ಎಂದಳು ಅರ್ಚನ. ಆಮೇಲೆ ಹೆಬ್ಬೆಟ್ಟಿನವರಿಗೆ ತೋರಿಸುವ ಹಾಗೆ ಕಾಗದದ ಕೆಳಗೆ ಬೆರಳಿಟ್ಟು, "ಇಲ್ಲಿ ಅಪ್ಪ" ಎಂದಳು. ಜಡೇಸ್ವಾಮಿ ಅವಳು ಬೆರಳಿಟ್ಟ ಕಡೆ ರುಜು ಹಾಕಿದ.